ಯೋಧರ ಹೆಸರಿನ ಡಬ್ಬಿಗೆ ಹಾಕಿದ ದುಡ್ಡು ಯಾರ ಮನೆ ಮುಟ್ಟುತ್ತೆ? ರಸೀದಿ ಕೇಳುವ ಮುಂಚೆ ತಿಳಿದಿರಬೇಕಾದ ಸಂಗತಿ

ಮೇಡ್ಲೇರಿ (ರಾಣೆಬೆನ್ನೂರು ತಾ.): ಡಿಸೆಂಬರ್ ಮೊದಲ ವಾರ, ಇಲ್ಲಾ ಆಗಸ್ಟ್ 15ರ ಆಸುಪಾಸು, ಇಲ್ಲಾ ಗಡಿಯಲ್ಲಿ ಏನೋ ಆಯ್ತು ಅಂತ ಟಿ.ವಿ.ಯಲ್ಲಿ ಬಂದ ಮರುದಿನ. ಅಂಗಡಿ ಬಾಗಿಲು ತೆಗೆದು ಊದಿನಕಡ್ಡಿ ಹಚ್ಚುವಷ್ಟರಲ್ಲಿ ಇಬ್ಬರು ಬಂದು ನಿಲ್ಲುತ್ತಾರೆ. ತಲೆ ಮೇಲೆ ಮಿಲಿಟರಿ ಬಣ್ಣದ ಟೊಪ್ಪಿಗೆ, ಕೈಯಲ್ಲಿ ಒಂದು ಡಬ್ಬಿ, ಡಬ್ಬಿ ಮೇಲೆ ತ್ರಿವರ್ಣ, ಅದರ ಕೆಳಗೆ ಕ್ಯೂಆರ್ ಕೋಡ್. "ಸಾವ್ಕಾರ್ರ, ಗಾಯಗೊಂಡ ಯೋಧರ ಸಲುವಾಗಿ, ಅವರ ಹೆಂಡ್ರು ಮಕ್ಕಳ ಸಲುವಾಗಿ ಏನಾರ ಕೊಡ್ರಿ" ಅಂತಾರೆ. ಬೋಣಿ ಆಗಿರಲ್ಲ. ಆದರೂ ಈ ಹೆಸರಿಗೆ ಇಲ್ಲ ಅನ್ನೋಕೆ ಯಾರಿಗೂ ಬಾಯಿ ಬರಲ್ಲ. ಹತ್ತೋ ಐವತ್ತೋ ಹಾಕಿ ಕಳಿಸುತ್ತಾರೆ.

ಇದೇ ಊರಲ್ಲಿ ಜಾತ್ರೆಗೆ ಪಟ್ಟಿ ಎತ್ತಿದಾಗ ನಡೆಯೋದೇ ಬೇರೆ. ಜಾತ್ರೆ ಮುಗಿದ ಮೇಲೆ ಗುಡಿ ಕಟ್ಟೆ ಮೇಲೆ ಹಿರಿಯರು ಕೂತು ಲೆಕ್ಕ ಓದುತ್ತಾರೆ. ಶಾಮಿಯಾನಕ್ಕೆ ಎಷ್ಟು, ಅಡುಗೆ ಭಟ್ಟರಿಗೆ ಎಷ್ಟು, ಉಳಿದಿದ್ದು ಯಾರ ಕೈಯಲ್ಲಿ ಅಂತ ಕೇಳುವವರು ಕೇಳುತ್ತಾರೆ. ತೆಂಗಿನಕಾಯಿ ಲೆಕ್ಕ ತಪ್ಪಿದರೂ ಜಗಳ ಆಗುತ್ತೆ. ದೇವರ ದುಡ್ಡಿಗೆ ಲೆಕ್ಕ ಕೇಳಿದರೆ ಅದು ದೇವರಿಗೆ ಅವಮಾನ ಅಂತ ಯಾರೂ ಹೇಳಲ್ಲ. ಯೋಧರ ಹೆಸರಿನ ದುಡ್ಡಿಗೆ ಲೆಕ್ಕ ಕೇಳಿದರೆ ಮಾತ್ರ "ದೇಶಭಕ್ತಿ ಇಲ್ಲೇನ್ರೀ?" ಎಂಬ ಮಾತು ಬರುತ್ತೆ. ಹೀಗಾಗಿ ಡಬ್ಬಿ ಬಂದಂಗೆ ಹೋಗುತ್ತೆ, ಲೆಕ್ಕ ಬರೋದೇ ಇಲ್ಲ.

ಬೆಟದೂರಿನಿಂದ ಶುರುವಾದ ಕತೆ

ಯೋಧರ ಕುಟುಂಬಕ್ಕೆ ನೇರವಾಗಿ ದುಡ್ಡು ಕೊಡಬೇಕು ಎಂಬ ಜನರ ಒತ್ತಾಸೆ ಒಂದು ಸರ್ಕಾರಿ ನಿಧಿಯನ್ನೇ ಹುಟ್ಟುಹಾಕಿದ ಉದಾಹರಣೆ ಇದೆ. ಅದರ ಎಳೆ ನಮ್ಮ ನೆರೆ ಜಿಲ್ಲೆಯ ಒಂದು ಹಳ್ಳಿಗೆ ಬಂದು ಮುಟ್ಟುತ್ತೆ. 2016ರ ಫೆಬ್ರುವರಿ 3ರಂದು ಸಿಯಾಚಿನ್‌ನಲ್ಲಿ ಹಿಮ ಕುಸಿದು ಮದ್ರಾಸ್ ರೆಜಿಮೆಂಟಿನ 10 ಮಂದಿ ಹೂತುಹೋದರು. ಅವರಲ್ಲಿ ಮೂವರು ಕರ್ನಾಟಕದವರು: ಹಾಸನ ಜಿಲ್ಲೆಯ ತೇಜೂರಿನ ಸುಬೇದಾರ್ ನಾಗೇಶ, ಮೈಸೂರು ಜಿಲ್ಲೆ ಎಚ್.ಡಿ. ಕೋಟೆ ಕಡೆಯ ಸಿಪಾಯಿ ಮಹೇಶ, ಮತ್ತೆ ಧಾರವಾಡ ಜಿಲ್ಲೆ ಕುಂದಗೋಳ ತಾಲೂಕಿನ ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ. ಆರು ದಿನ ಹಿಮದಡಿ ಇದ್ದು ಜೀವಂತ ಸಿಕ್ಕ ಹನುಮಂತಪ್ಪ ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಫೆಬ್ರುವರಿ 11ರಂದು ತೀರಿಕೊಂಡರು. ಆ ನಾಲ್ಕು ದಿನ ಈ ಭಾಗದ ಗುಡಿ, ಮಸೀದಿ, ಶಾಲೆಗಳಲ್ಲಿ ಪ್ರಾರ್ಥನೆ ನಡೆದಿದ್ದು ಹಾವೇರಿ, ಧಾರವಾಡದ ಜನರಿಗೆ ಇನ್ನೂ ನೆನಪಿದೆ.

ಆಗ ದೇಶದ ಮೂಲೆ ಮೂಲೆಯಿಂದ ಜನ "ಈ ಕುಟುಂಬಗಳಿಗೆ ದುಡ್ಡು ಕೊಡಬೇಕು, ಎಲ್ಲಿ ಕೊಡಲಿ?" ಅಂತ ಕೇಳತೊಡಗಿದರು. ಕೊಡುವ ಕೈ ಬಹಳ ಇದ್ದವು, ಸರಿಯಾದ ಒಂದು ಖಾತೆ ಇರಲಿಲ್ಲ. ಆ ಒತ್ತಡದಿಂದಲೇ ರಕ್ಷಣಾ ಸಚಿವಾಲಯದ ಮಾಜಿ ಸೈನಿಕರ ಕಲ್ಯಾಣ ವಿಭಾಗದಡಿ ಸೇನೆಯ ಕದನ ಸಂತ್ರಸ್ತರ ಕಲ್ಯಾಣ ನಿಧಿ ಶುರುವಾಯಿತು. ಈಗ ಅದು ಮೂರೂ ಪಡೆಗಳಿಗೆ ಸೇರಿದ್ದು. ಮಡಿದ ಯೋಧರ ಹತ್ತಿರದ ವಾರಸುದಾರರಿಗೆ ಈ ನಿಧಿಯಿಂದ ಸಿಗುತ್ತಿದ್ದ ನೆರವನ್ನು 2019ರ ಅಕ್ಟೋಬರ್‌ನಲ್ಲಿ 2 ಲಕ್ಷ ರೂಪಾಯಿಯಿಂದ 8 ಲಕ್ಷಕ್ಕೆ ಏರಿಸಲಾಯಿತು. 2022ರ ಅಕ್ಟೋಬರ್‌ನಲ್ಲಿ ದೇಣಿಗೆ ಕೊಡಲು 'ಮಾ ಭಾರತಿ ಕೇ ಸಪೂತ್' ಎಂಬ ತಾಣ ತೆರೆದರು.

ಇಲ್ಲಿ ಗಮನಿಸಬೇಕಾದ್ದು ಒಂದಿದೆ. ಕೊಡುವ ಮನಸ್ಸು ಯಾವತ್ತೂ ಸುದ್ದಿಯ ಬೆನ್ನಿಗೆ ಬರುತ್ತೆ, ಎರಡು ದಿನದಲ್ಲಿ ಉಕ್ಕಿ ಹರಿಯುತ್ತೆ. ಲೆಕ್ಕ ಕೇಳುವ ಮನಸ್ಸು ತಿಂಗಳ ಮೇಲೆ ಬರುತ್ತೆ, ಅಷ್ಟೊತ್ತಿಗೆ ಡಬ್ಬಿ ಹಿಡಿದವರು ಯಾರಾಗಿದ್ದರು ಎಂಬುದೇ ಮರೆತಿರುತ್ತೆ. ಈ ಎರಡರ ನಡುವಿನ ಸಂದಿನಲ್ಲೇ ಮೋಸ ಸೇರಿಕೊಳ್ಳೋದು.

ವಾಟ್ಸ್‌ಆ್ಯಪ್‌ನಲ್ಲಿ ಬಂದ ಖಾತೆ ನಂಬರ್

2025ರ ಏಪ್ರಿಲ್‌ನಲ್ಲಿ ಪಹಲ್ಗಾಮ್ ದಾಳಿ ಆದ ಬೆನ್ನಿಗೆ ಒಂದು ಸಂದೇಶ ಓಡಾಡಿತು. ಸೇನೆಯ ಆಧುನೀಕರಣಕ್ಕೆ, ಗಾಯಗೊಂಡ ಮತ್ತು ಮಡಿದ ಯೋಧರಿಗೆ ಅಂತ ಒಂದು ಬ್ಯಾಂಕ್ ಖಾತೆ ತೆರೆದಿದ್ದಾರೆ, ಸಂಪುಟದಲ್ಲೇ ತೀರ್ಮಾನ ಆಗಿದೆ, ಸಿನಿಮಾ ನಟ ಅಕ್ಷಯ್ ಕುಮಾರ್ ಸಲಹೆ ಕೊಟ್ಟಿದ್ದು ಅಂತ ಅದರಲ್ಲಿ ಬರೆದಿತ್ತು. ಈ ಭಾಗದ ಗ್ರೂಪುಗಳಲ್ಲೂ ಅಂಥ ಸಂದೇಶಗಳು ಬರೋದು ಹೊಸದೇನಲ್ಲ. ರಕ್ಷಣಾ ಸಚಿವಾಲಯವೇ ಆ ತಿಂಗಳ ಕೊನೆಗೆ ಸ್ಪಷ್ಟನೆ ಕೊಟ್ಟಿತು: ಸಂದೇಶ ದಾರಿತಪ್ಪಿಸುವಂಥದ್ದು, ಖಾತೆ ವಿವರ ತಪ್ಪಿದೆ, ಅದಕ್ಕೆ ಹಾಕಿದ ಹಣ ವಾಪಸ್ ಬರುತ್ತಿದೆ ಅಂತ.

ಆ ಸಂದೇಶದಲ್ಲಿ ಅರ್ಧ ಸತ್ಯ ಇತ್ತು, ಅದಕ್ಕೇ ಅದು ಅಷ್ಟು ಓಡಿತು. ಯೋಧರಿಗೆ ಒಂದು ನಿಧಿ ಇರೋದು ನಿಜ. ಅಕ್ಷಯ್ ಕುಮಾರ್ ಹೆಸರು ಒಂದು ನಿಧಿಗೆ ಅಂಟಿಕೊಂಡಿರೋದೂ ನಿಜ. ಆದರೆ ಅದು ಸೇನೆಯದ್ದಲ್ಲ. 2017ರ ಏಪ್ರಿಲ್‌ನಲ್ಲಿ ಗೃಹ ಸಚಿವಾಲಯ ಶುರುಮಾಡಿದ 'ಭಾರತ್ ಕೇ ವೀರ್' ಅದು. ಸಿಆರ್‌ಪಿಎಫ್, ಬಿಎಸ್‌ಎಫ್, ಐಟಿಬಿಪಿಯಂಥ ಕೇಂದ್ರ ಪಡೆಗಳವರ ಕುಟುಂಬಕ್ಕೆ ಮೀಸಲು. ಮಂಡ್ಯ ಜಿಲ್ಲೆ ಗುಡಿಗೆರೆಯ ಎಚ್. ಗುರು 2019ರ ಫೆಬ್ರುವರಿ 14ರಂದು ಪುಲ್ವಾಮಾದಲ್ಲಿ ಮಡಿದಾಗ ಜನ ದುಡ್ಡು ಹಾಕಿದ್ದು ಇಂಥದಕ್ಕೇ. ಯಾಕಂದರೆ ಗುರು ಸಿಆರ್‌ಪಿಎಫ್‌ನವರು.

ಮಾತಿನಲ್ಲಿ ನಾವು ಎಲ್ಲರನ್ನೂ 'ಯೋಧರು', 'ಮಿಲಿಟರಿಯವರು' ಅಂತೀವಿ. ಕಾಗದದಲ್ಲಿ ಸೇನೆ ಬೇರೆ ಇಲಾಖೆ, ಸಿಆರ್‌ಪಿಎಫ್ ಬೇರೆ ಇಲಾಖೆ; ಪಿಂಚಣಿಯ ನಿಯಮವೂ ಬೇರೆ, ನಿಧಿಯೂ ಬೇರೆ. ಡಬ್ಬಿ ಹಿಡಿದು ಬಂದವರಿಗೆ ಕೇಳಬೇಕಾದ ಮೊದಲನೇ ಪ್ರಶ್ನೆ ಇದೇ: "ಯಾವ ಪಡೆಯವರಿಗ್ರೀ ಇದು?" ನಿಜವಾಗಿ ಆ ಕೆಲಸದಲ್ಲಿ ಇದ್ದವರು ಒಂದೇ ಉಸಿರಿನಲ್ಲಿ ಉತ್ತರ ಕೊಡುತ್ತಾರೆ. ಉಳಿದವರು "ಎಲ್ಲಾರಿಗೂ ರೀ" ಅಂತಾರೆ.

'ಭಾರತ್ ಕೇ ವೀರ್'ದಲ್ಲಿ ಇನ್ನೊಂದು ಒಳ್ಳೆಯ ಏರ್ಪಾಡು ಇದೆ. ಒಬ್ಬ ಯೋಧರ ಹೆಸರಿನ ಖಾತೆಗೆ ಜನ ಹಾಕುವ ದುಡ್ಡಿಗೆ 15 ಲಕ್ಷ ರೂಪಾಯಿ ಮಿತಿ. ಅದು ದಾಟುವಂತಿದ್ದರೆ, ಬೇರೆ ಯೋಧರ ಕುಟುಂಬಕ್ಕೆ ಅಥವಾ ಒಟ್ಟು ನಿಧಿಗೆ ಕೊಡಿ ಅಂತ ದಾನಿಗೆ ಸೂಚನೆ ಬರುತ್ತೆ. ಟಿ.ವಿ.ಯಲ್ಲಿ ಕಂಡ ಮುಖಕ್ಕೆ ಕೋಟಿ, ಕಾಣದ ಮುಖಕ್ಕೆ ಸೊನ್ನೆ ಆಗಬಾರದು ಎಂಬ ಲೆಕ್ಕ ಅದು. ಖಾಸಗಿ ಸಂಸ್ಥೆಗಳಲ್ಲಿ ಇಂಥ ನಿಯಮ ಇದೆಯಾ ಅಂತ ನಾವು ಕೇಳೋದೇ ಇಲ್ಲ.

ಡಿಸೆಂಬರ್ 7ರ ಆ ಸಣ್ಣ ಸ್ಟಿಕ್ಕರ್

ಶಾಲೆ ಮಕ್ಕಳ ಕೈಯಲ್ಲಿ, ತಾಲೂಕು ಕಚೇರಿಯಲ್ಲಿ ಕಾಣುವ ಕೆಂಪು, ಕಡುನೀಲಿ, ತಿಳಿನೀಲಿ ಬಣ್ಣದ ಧ್ವಜದ ಸ್ಟಿಕ್ಕರ್ ಖಾಸಗಿಯವರದ್ದಲ್ಲ. 1949ರಿಂದ ಪ್ರತಿವರ್ಷ ಡಿಸೆಂಬರ್ 7 ಸಶಸ್ತ್ರ ಪಡೆಗಳ ಧ್ವಜ ದಿನ. ಹಿಂದೆ ಬೇರೆ ಬೇರೆಯಾಗಿದ್ದ ನಾಲ್ಕಾರು ನಿಧಿಗಳನ್ನು 1993ರಲ್ಲಿ ಒಂದುಗೂಡಿಸಿ ಸಶಸ್ತ್ರ ಪಡೆಗಳ ಧ್ವಜ ದಿನ ನಿಧಿ ಮಾಡಿದರು. ದೆಹಲಿಯ ಕೇಂದ್ರೀಯ ಸೈನಿಕ ಮಂಡಳಿ ಅದನ್ನು ನೋಡಿಕೊಳ್ಳುತ್ತೆ. ರಾಜ್ಯದಲ್ಲಿ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆ ಇದೆ, ಜಿಲ್ಲಾ ಮಟ್ಟದಲ್ಲಿ ಅದರ ಕಚೇರಿ ಕೆಲಸ ಮಾಡುತ್ತೆ.

ಸರ್ಕಾರಿ ಅಂದ ಮಾತ್ರಕ್ಕೆ ಎಲ್ಲಾ ಚೊಕ್ಕ ಅಂತಲ್ಲ. ಆದರೆ ಒಂದು ದೊಡ್ಡ ಫರಕು ಇದೆ. ಸೈನಿಕ ಕಲ್ಯಾಣ ಕಚೇರಿ ಮಾಹಿತಿ ಹಕ್ಕು ಕಾಯ್ದೆಯ ಅಡಿ ಬರುತ್ತೆ. ಜಿಲ್ಲೆಯಲ್ಲಿ ಈ ವರ್ಷ ಧ್ವಜ ದಿನಕ್ಕೆ ಎಷ್ಟು ಜಮೆ ಆಯಿತು, ಎಷ್ಟು ಕುಟುಂಬಕ್ಕೆ ಎಷ್ಟು ಹೋಯಿತು ಅಂತ 10 ರೂಪಾಯಿ ಶುಲ್ಕ ಕಟ್ಟಿ ಯಾರು ಬೇಕಾದರೂ ಅರ್ಜಿ ಹಾಕಬಹುದು. ಫಲಾನುಭವಿಗಳ ಹೆಸರು ಕೊಡಲ್ಲ, ಕೊಡಬಾರದೂ ಕೂಡ. ಮೊತ್ತ ಕೊಡಬೇಕು. ಸರ್ಕಾರದಿಂದ ದೊಡ್ಡ ಮಟ್ಟದ ಹಣ ಪಡೆಯದ ಖಾಸಗಿ ಟ್ರಸ್ಟಿಗೆ ಹೀಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿದರೆ ಅದು ನಿಲ್ಲಲ್ಲ. ಅಲ್ಲಿ ಬೇರೆ ದಾರಿ ಹಿಡಿಯಬೇಕು.

ಖಾಸಗಿ ಸಂಸ್ಥೆಯ ಲೆಕ್ಕ ಎಲ್ಲಿ ಸಿಗುತ್ತೆ?

ಮೊದಲು ಸಂಸ್ಥೆಯ ಜಾತಿ ತಿಳ್ಕೋಬೇಕು. ಸಂಘವೋ, ಟ್ರಸ್ಟೋ, ಕಂಪನಿಯೋ? ಸಂಘ ಆಗಿದ್ದರೆ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಅಡಿ ಬರುತ್ತೆ. ಜಿಲ್ಲೆಯಲ್ಲಿ ಅದರ ನೋಂದಣಾಧಿಕಾರಿ ಅಂದರೆ ಸಹಕಾರ ಇಲಾಖೆಯವರೇ. ಪ್ರತಿವರ್ಷ ಮಹಾಸಭೆ ನಡೆಸಿ, ಆಡಳಿತ ಮಂಡಳಿ ಪಟ್ಟಿಯನ್ನೂ ಆಡಿಟ್ ಆದ ಲೆಕ್ಕವನ್ನೂ ಅಲ್ಲಿಗೆ ಸಲ್ಲಿಸಲೇಬೇಕು. ನೋಂದಣಿ ಆಗಿ ಹತ್ತು ವರ್ಷ ಆದರೂ ಒಮ್ಮೆಯೂ ಲೆಕ್ಕ ಕೊಡದ ಸಂಘ ಅಂದರೆ, ಅದರ ಲೆಟರ್‌ಹೆಡ್ಡಿನ ಮೇಲೆ ಇರುವ ನೋಂದಣಿ ನಂಬರ್ ಬರೀ ಅಲಂಕಾರ. ಟ್ರಸ್ಟ್ ಆಗಿದ್ದರೆ ಅದರ ಪತ್ರ ಉಪ ನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಣಿ ಆಗಿರುತ್ತೆ. ಟ್ರಸ್ಟಿಗಳು ಯಾರು ಅಂತ ಆ ಪತ್ರದಲ್ಲಿ ನೋಡಬೇಕು. ಗಂಡ, ಹೆಂಡತಿ, ಅಳಿಯ ಮೂವರೇ ಟ್ರಸ್ಟಿಗಳಾಗಿದ್ದರೆ ಅದು ಅಪರಾಧವಲ್ಲ, ಆದರೆ ಅಲ್ಲಿ "ಇಷ್ಟು ಖರ್ಚು ಯಾಕೆ?" ಅಂತ ಕೇಳುವ ನಾಲ್ಕನೆಯವರು ಯಾರೂ ಇಲ್ಲ ಅಂತ ಅರ್ಥ.

ಆದಾಯ ತೆರಿಗೆಯವರ ಕಾಗದ ಇನ್ನೊಂದು. "ನಮಗೆ 80ಜಿ ಐತ್ರಿ" ಅಂತ ಫಲಕ ತೋರಿಸುತ್ತಾರೆ. ತೆರಿಗೆ ರಿಯಾಯಿತಿ ಕೊಡಿಸುವ ಈ ಮಾನ್ಯತೆ ಬೇಕು, ಒಳ್ಳೆಯದೇ. ಆದರೆ ಅದು ಪ್ರಾಮಾಣಿಕತೆಯ ಸರ್ಟಿಫಿಕೇಟ್ ಅಲ್ಲ. 2021ರಿಂದ ಇದಕ್ಕೆ ಅವಧಿ ಇದೆ, ಮತ್ತೆ ಮತ್ತೆ ನವೀಕರಿಸಬೇಕು. ಹೀಗಾಗಿ ಹಳೇ ಫಲಕದ ತಾರೀಕು ನೋಡಬೇಕು. ನೀತಿ ಆಯೋಗದ ದರ್ಪಣ್ ತಾಣದಲ್ಲಿ ಹೆಸರು ಇದೆ ಅಂತ ತೋರಿಸುವವರೂ ಇದ್ದಾರೆ. ಅಲ್ಲಿನ ವಿವರಗಳನ್ನು ತುಂಬೋದು ಆ ಸಂಸ್ಥೆಯವರೇ. ಇದ್ದರೆ ಒಳ್ಳೆಯದು, ಅದನ್ನೇ ನಂಬಿ ಕೂರೋ ಹಾಗಿಲ್ಲ.

ಅಂಗಡಿಯವರಿಗೆ ಕೆಲಸಕ್ಕೆ ಬರುವ ಪರೀಕ್ಷೆ ಒಂದಿದೆ. 80ಜಿ ಮಾನ್ಯತೆ ಇರುವ ಸಂಸ್ಥೆ ವರ್ಷದ ದಾನಿಗಳ ವಿವರವನ್ನು ಇಲಾಖೆಗೆ ಸಲ್ಲಿಸಿ, ದಾನಿಗೆ 10ಬಿಇ ಎಂಬ ಪ್ರಮಾಣಪತ್ರ ಕೊಡಬೇಕು. ಮಾರ್ಚ್‌ಗೆ ವರ್ಷ ಮುಗಿದರೆ ಮೇ 31 ಅದರ ಗಡುವು. ಕೈಬರಹದ ರಸೀದಿ ಯಾರು ಬೇಕಾದರೂ ಪ್ರಿಂಟ್ ಹಾಕಿಸಬಹುದು, ಇದು ಮಾತ್ರ ಇಲಾಖೆಯ ತಾಣದಿಂದಲೇ ಹುಟ್ಟುವ ಕಾಗದ. ಕಳೆದ ವರ್ಷ ಐದು ಸಾವಿರ ಕೊಟ್ಟಿದ್ದೀರಿ, 10ಬಿಇ ಬಂದಿಲ್ಲ ಅಂದರೆ, ಈ ವರ್ಷ ಬಂದಾಗ ಮೊದಲು ಅದನ್ನೇ ಕೇಳಬೇಕು. 2,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ ತೆರಿಗೆ ರಿಯಾಯಿತಿ ಸಿಗಲ್ಲ ಎಂಬುದೂ ತಿಳಿದಿರಲಿ. ಹೊಸ ತೆರಿಗೆ ಪದ್ಧತಿ ಆಯ್ದುಕೊಂಡವರಿಗೆ ಈ ರಿಯಾಯಿತಿಯೇ ಇಲ್ಲ. ಆದರೂ ಪ್ರಮಾಣಪತ್ರ ಕೇಳಬೇಕು, ಯಾಕಂದರೆ ನಿಮ್ಮ ದುಡ್ಡು ಸಂಸ್ಥೆಯ ಪುಸ್ತಕದಲ್ಲಿ ಏರಿದೆ ಅನ್ನೋದಕ್ಕೆ ಅದೇ ಸಾಕ್ಷಿ.

ಇನ್ನು ಕ್ಯೂಆರ್ ಕೋಡ್. ಸ್ಕ್ಯಾನ್ ಮಾಡಿದ ತಕ್ಷಣ ಮೊಬೈಲಿನಲ್ಲಿ ಒಂದು ಹೆಸರು ಬರುತ್ತೆ. ಡಬ್ಬಿ ಮೇಲೆ ಇರುವ ಸಂಸ್ಥೆಯ ಹೆಸರೂ ಅದೂ ಒಂದೇ ಆಗಿರಬೇಕು. ವ್ಯಕ್ತಿಯ ಹೆಸರು ಬಂದರೆ "ಟ್ರೆಜರರ್ ಹೆಸರ್ಲೆ ಐತ್ರಿ" ಅನ್ನುವ ಉತ್ತರ ಒಪ್ಪುವಂಥದ್ದಲ್ಲ. ಖಾತೆ ಸಂಸ್ಥೆಯ ಹೆಸರಲ್ಲೇ ಇರಬೇಕು. ಗೊತ್ತಾಗದೆ ಹಾಕಿ ಮೋಸ ಹೋದರೆ 1930ಕ್ಕೆ ಫೋನ್ ಮಾಡಬೇಕು, ಅದು ಸೈಬರ್ ವಂಚನೆಯ ಸಹಾಯವಾಣಿ. ತಡ ಮಾಡಿದಷ್ಟೂ ದುಡ್ಡು ಕೈ ದಾಟುತ್ತೆ.

ನೂರಕ್ಕೆ 78 ಅಂದರೆ ಏನು?

"ನಾವು ನೂರಕ್ಕೆ ಎಂಬತ್ತು ಯೋಧರಿಗೇ ಖರ್ಚು ಮಾಡ್ತೀವಿ" ಎಂಬ ಮಾತು ಪಾಂಪ್ಲೆಟ್‌ಗಳಲ್ಲಿ ಮಾಮೂಲಿ. ಇದರ ಒಳಗಿನ ಆಟ ತಿಳಿಯಲು ಒಂದು ಕಾಲ್ಪನಿಕ ಲೆಕ್ಕ ಸಾಕು.

ಒಂದು ಸಂಸ್ಥೆಗೆ ವರ್ಷಕ್ಕೆ 10 ಲಕ್ಷ ರೂಪಾಯಿ ಬಂತು ಅಂದ್ಕೊಳ್ಳಿ. ಒಂದು ದೊಡ್ಡ ಸನ್ಮಾನ ಸಮಾರಂಭ ಮಾಡಿದರು. ಶಾಮಿಯಾನ, ಮೈಕು, ಊಟ, ಶಾಲು, ಹಾರ, ಬ್ಯಾನರ್, ಅತಿಥಿಗಳ ಕಾರು ಎಲ್ಲಾ ಸೇರಿ ಮೂರೂವರೆ ಲಕ್ಷ. 20 ಕುಟುಂಬಕ್ಕೆ ತಲಾ 10 ಸಾವಿರದ ಚೆಕ್, ಅದು 2 ಲಕ್ಷ. ಕಚೇರಿ, ಓಡಾಟ, ಸಂಬಳ ಒಂದೂವರೆ ಲಕ್ಷ. ಒಟ್ಟು ಖರ್ಚು 7 ಲಕ್ಷ, ಉಳಿದ 3 ಲಕ್ಷ ಬ್ಯಾಂಕಿನಲ್ಲಿ. ಈಗ ಸಮಾರಂಭದ ಖರ್ಚನ್ನೂ 'ಯೋಧರ ಕಲ್ಯಾಣ' ಎಂಬ ತಲೆಬರಹದಡಿ ಹಾಕಿದರೆ ಐದೂವರೆ ಲಕ್ಷ ಕಲ್ಯಾಣಕ್ಕೆ ಹೋದಂತೆ, ನೂರಕ್ಕೆ 78ಕ್ಕೂ ಮೇಲೆ. ಆಡಿಟರ್ ಸಹಿ ಬೀಳುತ್ತೆ, ಸುಳ್ಳು ಲೆಕ್ಕ ಅನ್ನೋಕೂ ಬರಲ್ಲ. ಆದರೆ ಕುಟುಂಬಗಳ ಕೈಗೆ ಹೋಗಿದ್ದು ಖರ್ಚಿನಲ್ಲಿ ನೂರಕ್ಕೆ 28-29, ಬಂದ ದುಡ್ಡಿನಲ್ಲಿ ನೂರಕ್ಕೆ 20 ಮಾತ್ರ.

ಇದು ನಮ್ಮಲ್ಲಿ ಮಾತ್ರ ಇರುವ ಕತೆಯಲ್ಲ. ಅಮೆರಿಕದಲ್ಲಿ ಗಾಯಗೊಂಡ ಯೋಧರಿಗಾಗಿಯೇ ಇರುವ 'ವೂಂಡೆಡ್ ವಾರಿಯರ್ ಪ್ರಾಜೆಕ್ಟ್' ಅಲ್ಲಿನ ದೊಡ್ಡ ಸಂಸ್ಥೆಗಳಲ್ಲಿ ಒಂದು. 2016ರ ಜನವರಿಯಲ್ಲಿ ಸಿಬಿಎಸ್ ವಾಹಿನಿ ಮತ್ತು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಅದರ ಖರ್ಚಿನ ಬಗ್ಗೆ ವರದಿ ಮಾಡಿದವು. ಪಂಚತಾರಾ ಹೋಟೆಲಿನಲ್ಲಿ ಸಿಬ್ಬಂದಿ ಸಮಾವೇಶ, ದುಬಾರಿ ಓಡಾಟ ಅಂತ ಅಲ್ಲೇ ಕೆಲಸ ಮಾಡಿದ್ದವರು ಮಾತಾಡಿದರು. ಅವರಲ್ಲಿ ಗಾಯಗೊಂಡ ಮಾಜಿ ಯೋಧರೂ ಇದ್ದರು. ಮಾರ್ಚ್‌ನಲ್ಲಿ ಆಡಳಿತ ಮಂಡಳಿ ಮೇಲಿನ ಇಬ್ಬರು ಅಧಿಕಾರಿಗಳನ್ನು ಹೊರಗೆ ಹಾಕಿತು. ವರದಿಯ ಕೆಲವು ಆರೋಪ ಸರಿಯಲ್ಲ, ತಾವು ನೂರಕ್ಕೆ 80ರಷ್ಟು ಕಾರ್ಯಕ್ರಮಗಳಿಗೇ ಖರ್ಚು ಮಾಡಿದ್ದೇವೆ ಅಂತಲೂ ಮಂಡಳಿ ಹೇಳಿತು. ಅದೇ ಲೆಕ್ಕವನ್ನು ನೋಡಿದ ದಾನ ಸಂಸ್ಥೆಗಳ ಮೌಲ್ಯಮಾಪಕರು ನೂರಕ್ಕೆ 60ರ ಆಸುಪಾಸು ಅಂದಿದ್ದರು. ಪುಸ್ತಕ ಒಂದೇ, ಅಂಕಿ ಎರಡು. ದೇಣಿಗೆ ಕೇಳಿ ಕಳಿಸಿದ ಪತ್ರ, ಜಾಹೀರಾತುಗಳ ಖರ್ಚಿನ ಒಂದು ಭಾಗವನ್ನು 'ಜನಜಾಗೃತಿ' ಅಂತ ಕಾರ್ಯಕ್ರಮದ ಕಡೆ ಬರೆದರೆ ಅಂಕಿ ಮೇಲೇರುತ್ತೆ. ನಮ್ಮ ಶಾಮಿಯಾನದ ಲೆಕ್ಕವೇ ಅಲ್ಲಿ ಕೋಟಿಗಳಲ್ಲಿ.

ಆದರೆ ಅಲ್ಲಿ ವರದಿಗಾರರಿಗೆ ಲೆಕ್ಕ ಸಿಕ್ಕಿದ್ದು ಹೇಗೆ ಎಂಬುದು ಮುಖ್ಯ. ಅಮೆರಿಕದಲ್ಲಿ ದಾನ ಸಂಸ್ಥೆಗಳು ತೆರಿಗೆ ಇಲಾಖೆಗೆ ಕೊಡುವ ವಾರ್ಷಿಕ ಲೆಕ್ಕ ಸಾರ್ವಜನಿಕ ದಾಖಲೆ, ಯಾರು ಬೇಕಾದರೂ ನೋಡಬಹುದು. ಮೇಲಿನವರ ಸಂಬಳ ಕೂಡ ಅದರಲ್ಲಿ ಇರುತ್ತೆ. ನಮ್ಮಲ್ಲಿ ಟ್ರಸ್ಟುಗಳ ಆದಾಯ ತೆರಿಗೆ ರಿಟರ್ನ್ ಜನರ ಕಣ್ಣಿಗೆ ಬೀಳಲ್ಲ. ಅಂದಮೇಲೆ ಸಂಸ್ಥೆಯವರು ತಾವಾಗಿ ತೋರಿಸುತ್ತಾರೋ ಇಲ್ಲವೋ ಎಂಬುದೇ ಇಲ್ಲಿ ದೊಡ್ಡ ಪರೀಕ್ಷೆ ಆಗುತ್ತೆ.

ಸಂಬಳದ ಖರ್ಚು ಅಂದರೆ ಕಳ್ಳತನ ಅಲ್ಲ

ಇಲ್ಲಿ ಇನ್ನೊಂದು ತಪ್ಪು ತಿಳಿವಳಿಕೆ ಇದೆ. "ಒಂದು ಪೈಸೆನೂ ಸಂಬಳಕ್ಕ ಹೋಗಬಾರದು, ಎಲ್ಲಾ ಯೋಧರಿಗೇ ಹೋಗಬೇಕು" ಎಂಬ ಮಾತು ಕೇಳೋಕೆ ಚೆಂದ. ಆದರೆ ಬೆನ್ನುಹುರಿಗೆ ಗುಂಡು ಬಿದ್ದು ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡ ಒಬ್ಬ ಯೋಧನಿಗೆ ಬೇಕಾಗುವುದು ವರ್ಷಕ್ಕೊಂದು ಶಾಲಲ್ಲ. ಗಾಲಿಕುರ್ಚಿ ಮೂರ್ನಾಲ್ಕು ವರ್ಷಕ್ಕೆ ಸವೆಯುತ್ತೆ. ಮನೆ ಬಾಗಿಲಿಗೆ ಇಳಿಜಾರು ಬೇಕು, ಬಚ್ಚಲು ಅಗಲ ಮಾಡಿಸಬೇಕು. ಕೂತಲ್ಲೇ ಕೂತು ಆಗುವ ಹುಣ್ಣು ನೋಡಲು ದಿನಾ ಒಬ್ಬರು ಬೇಕು. ಪುಣೆಯ ಖಡಕಿಯಲ್ಲಿ 1974ರಿಂದ ಇರುವ ಪಾರ್ಶ್ವವಾಯು ಪೀಡಿತ ಯೋಧರ ಪುನರ್ವಸತಿ ಕೇಂದ್ರ ಮಾಡುತ್ತಾ ಬಂದಿರೋದು ಇದೇ ಕೆಲಸ: ವರ್ಷಗಟ್ಟಲೆ ಆರೈಕೆ, ಕೈಕೆಲಸ, ಆಟ. 1917ರಲ್ಲಿ ಶುರುವಾದ, ಅಂಗವಿಕಲ ಯೋಧರಿಗೆ ಕಸುಬು ಕಲಿಸುವ ಕ್ವೀನ್ ಮೇರಿ ತಾಂತ್ರಿಕ ಸಂಸ್ಥೆಯೂ ಅದೇ ಖಡಕಿಯಲ್ಲಿದೆ. 1965ರ ಯುದ್ಧದಲ್ಲಿ ಗುಂಡೇಟು ತಿಂದ ಮುರಳೀಕಾಂತ್ ಪೇಟ್ಕರ್ 1972ರ ಹೈಡಲ್‌ಬರ್ಗ್ ಪ್ಯಾರಾಲಿಂಪಿಕ್ಸ್‌ನಲ್ಲಿ ಈಜಿ ಚಿನ್ನ ಗೆದ್ದರು. 2024ರಲ್ಲಿ ಬಂದ 'ಚಂದು ಚಾಂಪಿಯನ್' ಸಿನಿಮಾ ನೋಡಿದವರಿಗೆ ಅವರ ಹೆಸರು ಗೊತ್ತು. ಅಂಥ ಮೆಡಲಿನ ಹಿಂದೆ ಫಿಸಿಯೋಥೆರಪಿ ಮಾಡುವವರ ಸಂಬಳ ಇರುತ್ತೆ.

ಹಳ್ಳಿಯಲ್ಲಿ ಇನ್ನೂ ಸಣ್ಣ ಕೆಲಸಗಳಿರುತ್ತವೆ. ಪಿಂಚಣಿ ಆದೇಶದಲ್ಲಿ ಹೆಂಡತಿ ಹೆಸರು ತಪ್ಪಾಗಿ ಬಿದ್ದಿರುತ್ತೆ, ಆಧಾರ್‌ನಲ್ಲಿ ಬೇರೆ ಇರುತ್ತೆ. ಅಂಗವೈಕಲ್ಯ ಪಿಂಚಣಿಗೆ ಸಾಮಾನ್ಯವಾಗಿ ಕನಿಷ್ಠ ಶೇ 20 ವೈಕಲ್ಯ ಅಂತ ವೈದ್ಯಕೀಯ ಮಂಡಳಿ ಬರೆದಿರಬೇಕು. ಕದನದಲ್ಲಿ ಆದ ಗಾಯವೋ, ಕೆಲಸದ ವೇಳೆ ಆದ ಅಪಘಾತವೋ ಎಂಬ ಒಂದು ಪದದ ಮೇಲೆ ಪಿಂಚಣಿಯ ಮೊತ್ತವೇ ಬದಲಾಗುತ್ತೆ. ಇದನ್ನು ತಿಳಿದವರೊಬ್ಬರು ಆ ಹೆಣ್ಣುಮಗಳ ಜೊತೆ ಬಸ್ ಹತ್ತಿ ಕಚೇರಿಗೆ ನಾಲ್ಕು ಸಲ ಹೋಗಿಬಂದರೆ, ಅವಳಿಗೆ ಜೀವನಪೂರ್ತಿ ತಿಂಗಳಿಗೆ ಸಾವಿರಾರು ರೂಪಾಯಿ ಸಿಗಬಹುದು. ಹತ್ತು ಸಾವಿರದ ಚೆಕ್ಕಿಗಿಂತ ಆ ಓಡಾಟದ ಸಂಬಳ ದೊಡ್ಡ ದಾನ. ಹೀಗಾಗಿ "ಸಂಬಳಕ್ಕೆ ಎಷ್ಟು ಹೋಯ್ತು?" ಅಂತ ಕೇಳಿದ ಮೇಲೆ "ಆ ಸಂಬಳ ತಗೊಂಡವರು ವರ್ಷದಲ್ಲಿ ಎಷ್ಟು ಮನೆಯ ಯಾವ ಕೆಲಸ ಮಾಡಿಕೊಟ್ಟರು?" ಅಂತಲೂ ಕೇಳಬೇಕು.

ಬ್ಯಾಂಕಿನಲ್ಲಿ ಉಳಿದ ದುಡ್ಡೂ ಹಾಗೇ. ಮೂವತ್ತು ವರ್ಷ ಆರೈಕೆ ಬೇಕಿರುವ ಜನರಿಗೆ ಕೆಲಸ ಮಾಡುವ ಸಂಸ್ಥೆ ಒಂದಿಷ್ಟು ಕೂಡಿಡಲೇಬೇಕು. ಯಾತಕ್ಕೆ ಕೂಡಿಟ್ಟಿದ್ದೇವೆ, ಯಾವಾಗ ಖರ್ಚು ಮಾಡ್ತೀವಿ ಅಂತ ಬರೆದಿಟ್ಟಿದ್ದರೆ ಆಯಿತು. ಬರೆದಿಲ್ಲ, ವರ್ಷ ವರ್ಷ ಬೆಳೆಯುತ್ತಲೇ ಇದೆ, ಆದರೂ ಡಬ್ಬಿ ತಿರುಗುತ್ತಲೇ ಇದೆ ಅಂದರೆ ಅನುಮಾನ ಬರೋದು ಸಹಜ.

ಲೆಕ್ಕ ದಾನಿಗೆ ಮಾತ್ರವೇ?

ಉತ್ತರದಾಯಿತ್ವ ಅಂದಾಕ್ಷಣ ನಾವು ದುಡ್ಡು ಕೊಟ್ಟವರಿಗೆ ಉತ್ತರ ಕೊಡೋದು ಅಂತ ತಿಳೀತೀವಿ. ದುಡ್ಡು ಪಡೆಯುವ ಕುಟುಂಬಕ್ಕೂ ಉತ್ತರ ಕೊಡಬೇಕಲ್ಲ! ಗಂಡ ತೀರಿ ತಿಂಗಳಾಗದ ಹೆಣ್ಣುಮಗಳನ್ನು ವೇದಿಕೆ ಮೇಲೆ ಕರೆದು, ಮೈಕ್ ಮುಂದೆ ಅಳಿಸಿ, ಆ ಫೋಟೊವನ್ನೇ ಮುಂದಿನ ವರ್ಷದ ಡಬ್ಬಿಗೆ ಅಂಟಿಸುವ ಪದ್ಧತಿ ಇದೆ. ಫೋಟೊಗೆ ಅವಳ ಒಪ್ಪಿಗೆ ಕೇಳಿದ್ದರಾ? ಬೇಡ ಅಂದಿದ್ದರೆ ಚೆಕ್ ಸಿಗುತ್ತಿತ್ತಾ? ಘೋಷಣೆ ಮಾಡಿದ್ದು ಒಂದು ಲಕ್ಷ, ಕೈಗೆ ಬಂದಿದ್ದು ಹತ್ತು ಸಾವಿರ ಅಂದರೆ ಅವಳು ಯಾರಿಗೆ ದೂರಬೇಕು? ಸಂಸ್ಥೆಯ ಒಳಗೆ ದೂರು ಕೇಳಲು ಒಬ್ಬರಾದರೂ ಇರಬೇಕು, ಮಂಡಳಿಯಲ್ಲಿ ಯೋಧರ ಕುಟುಂಬದ ಒಬ್ಬರಾದರೂ ಕೂರಬೇಕು.

ಕುಟುಂಬದವರೇ ಕಟ್ಟಿದ ಸಂಸ್ಥೆಗಳೂ ನಮ್ಮ ರಾಜ್ಯದಲ್ಲಿವೆ. 2007ರಲ್ಲಿ ಉರಿ ಬಳಿ ಮಡಿದು ಅಶೋಕ ಚಕ್ರ ಪಡೆದ ಬೆಂಗಳೂರಿನ ಕರ್ನಲ್ ವಸಂತ್ ವೇಣುಗೋಪಾಲ್ ಅವರ ಪತ್ನಿ ಸುಭಾಷಿಣಿ ವಸಂತ್ ಆರಂಭಿಸಿದ ವಸಂತರತ್ನ ಪ್ರತಿಷ್ಠಾನ ಯೋಧರ ಪತ್ನಿಯರು, ಮಕ್ಕಳ ಜೊತೆ ಕೆಲಸ ಮಾಡುತ್ತೆ. ಸಂತ್ರಸ್ತರೇ ನಡೆಸುತ್ತಾರೆ ಅಂದ ಮಾತ್ರಕ್ಕೆ ಯಾವ ಸಂಸ್ಥೆಗೂ ಲೆಕ್ಕದಿಂದ ವಿನಾಯಿತಿ ಇಲ್ಲ. ಆದರೆ ಯಾವ ನೆರವು ಬೇಕು ಎಂಬ ಪ್ರಶ್ನೆಗೆ ಅಂಥವರ ಉತ್ತರ ಬೇರೆಯೇ ಇರುತ್ತೆ.

ಡಬ್ಬಿ ಬಂದಾಗ

ಅಂಗಡಿ ಕಟ್ಟೆ ಮೇಲೆ ಡಬ್ಬಿ ಇಡ್ತೀವಿ ಅಂತ ಕೇಳಿದರೆ, ಡಬ್ಬಿಗೆ ಸೀಲ್ ಇರಲಿ, ಇಟ್ಟ ತಾರೀಕು ಬರೆಸಿಕೊಳ್ಳಿ, ತೆಗೆಯುವಾಗ ಅಂಗಡಿಯವರೂ ಪಕ್ಕದ ಅಂಗಡಿಯವರೂ ಎದುರಿಗಿದ್ದು ಎಣಿಸಿ, ಮೊತ್ತಕ್ಕೆ ರಸೀದಿ ಪಡೆಯಿರಿ. ಇದಕ್ಕೆ ಒಪ್ಪದವರ ಡಬ್ಬಿ ಬೇಡ. ಹಳ್ಳಿಯಲ್ಲಿ ಒಬ್ಬರಲ್ಲ ಒಬ್ಬರು ನಿವೃತ್ತ ಸೈನಿಕರು ಇದ್ದೇ ಇರುತ್ತಾರೆ. "ಕಾಕಾ, ಈ ಸಂಸ್ಥೆ ಹೆಸರು ನೀವೇನರ ಕೇಳೀರೇನ್ರಿ?" ಅಂತ ಒಂದು ಮಾತು ಕೇಳಿದರೆ ಅರ್ಧ ಕೆಲಸ ಆಗುತ್ತೆ.

ಒಂದು ಎಚ್ಚರಿಕೆ ಈ ಕಡೆಗೂ ಬೇಕು. ತಾಲೂಕಿನಲ್ಲಿ ನಾಲ್ಕು ಜನ ಮಾಜಿ ಸೈನಿಕರು ಸೇರಿ ಮಾಡಿಕೊಂಡ ಸಣ್ಣ ಸಂಘಗಳಿಗೆ ಕಾಗದ ಪತ್ರದ ಅಭ್ಯಾಸ ಇರಲ್ಲ. ಕೆಲಸ ಚೊಕ್ಕ ಇರುತ್ತೆ, ಆಡಿಟ್ ವರದಿ ಆ ಕ್ಷಣಕ್ಕೆ ಕೈಯಲ್ಲಿ ಇರಲ್ಲ. ಅವರನ್ನು ಕಳ್ಳರಂತೆ ನೋಡೋದು ಬೇಡ. "ಮುಂದಿನ ವಾರ ಲೆಕ್ಕ ತಗೊಂಡು ಬರ್ರಿ, ಆವಾಗ ಕೊಡ್ತೀವಿ" ಅಂದರೆ ಸಾಕು. ನಿಜವಾದವರು ಬರುತ್ತಾರೆ.

ಕೊನೆಗೆ, ಈ ಸುದ್ದಿ ಓದುವವರ ಮನೆಯಲ್ಲೋ ಓಣಿಯಲ್ಲೋ ಪಿಂಚಣಿ ಇಲ್ಲದ ಹಳೇ ಸೈನಿಕರು, ಅವರ ವಿಧವೆಯರು ಇದ್ದರೆ ಇದನ್ನು ತಿಳಿಸಿ. ಹವಾಲ್ದಾರ್ ಮತ್ತು ಅದಕ್ಕಿಂತ ಕೆಳಗಿನ ಹುದ್ದೆಯಲ್ಲಿದ್ದು, ಪಿಂಚಣಿ ಇಲ್ಲದೆ, 65 ದಾಟಿದವರಿಗೆ ಧ್ವಜ ದಿನ ನಿಧಿಯಿಂದ ತಿಂಗಳಿಗೆ 4,000 ರೂಪಾಯಿ ಬರುತ್ತಿತ್ತು. 2025ರ ಅಕ್ಟೋಬರ್‌ನಲ್ಲಿ ಅದನ್ನು 8,000ಕ್ಕೆ ಏರಿಸಿದರು. ಮಕ್ಕಳ ಓದಿಗೆ ತಲಾ 1,000 ಇದ್ದದ್ದು 2,000, ಇಬ್ಬರು ಮಕ್ಕಳವರೆಗೆ. ಮಗಳ ಮದುವೆಗೆ 50 ಸಾವಿರ ಇದ್ದದ್ದು 1 ಲಕ್ಷ, ಇಬ್ಬರು ಹೆಣ್ಣುಮಕ್ಕಳವರೆಗೆ. ನವೆಂಬರ್ 1ರಿಂದ ಹಾಕಿದ ಅರ್ಜಿಗಳಿಗೆ ಹೊಸ ದರ. ಅರ್ಜಿ ಕೇಂದ್ರೀಯ ಸೈನಿಕ ಮಂಡಳಿಯ ತಾಣದಲ್ಲಿ ಹಾಕಬೇಕು, ಪರಿಶೀಲನೆ ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಯಲ್ಲಿ. ಹೋಗುವಾಗ ಡಿಸ್ಚಾರ್ಜ್ ಪುಸ್ತಕ, ಮಾಜಿ ಸೈನಿಕರ ಗುರುತಿನ ಚೀಟಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಒಯ್ಯಿರಿ. ಡಿಸ್ಚಾರ್ಜ್ ಪುಸ್ತಕ ಕಳೆದಿದ್ದರೂ ಸುಮ್ಮನೆ ಕೂರಬೇಡಿ, ರೆಜಿಮೆಂಟಿನ ಹೆಸರು ಮತ್ತು ಸೇನಾ ನಂಬರ್ ಬರೆದುಕೊಂಡು ಹೋಗಿ ಕೇಳಿ.